ಅಜ್ಜಿ ಕಟ್ಟಿದ ಒಂದು ಕೋಟಿ ಬೀಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಧ್ವನಿಮುದ್ರಣದಲ್ಲಿ ಅಜ್ಜಿ ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಟ್ಟಿದೆ.)

ಬಸ್ಸಲ್ಲಿ ನಿಂತುಕೊಂಡು ಕೇಳುವವರಿಗೆ, ಹಾಸ್ಟೆಲ್ ರೂಮಲ್ಲಿ ಬಟ್ಟೆ ಮಡಚುತ್ತಾ ಕೇಳುವವರಿಗೆ, ಪಾತ್ರೆ ತೊಳೆಯುತ್ತಾ ಕೇಳುವವರಿಗೆ, ಎಲ್ಲರಿಗೂ ನಮಸ್ಕಾರ.

ಇಲ್ಲಿ ನಾವು ಮಾತಾಡುವುದು ಹೆಚ್ಚಾಗಿ ದುಡ್ಡಿನ ವಿಷಯ. ಮೊದಲ ಸಂಬಳ, ಇಎಂಐ, ಪಿಎಫ್, ಇಂಥದ್ದೇ. ಇವತ್ತು ಕೂಡ ದುಡ್ಡಿನ ವಿಷಯವೇ. ಆದ್ರೆ ಇದು ನನ್ನ ಅಜ್ಜಿಯ ದುಡ್ಡು. ಅಮ್ಮನ ಅಮ್ಮ. ಕಳೆದ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡ್ರು. 77 ವರ್ಷ.

ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಶ್ರದ್ಧಾಂಜಲಿ ಪೋಸ್ಟರ್ ಬರ್ತದಲ್ಲ, ಅದನ್ನೊಮ್ಮೆ ಗಮನಿಸಿ ನೋಡಿ. ತೀರಿಕೊಂಡವರು ಗಂಡಸಾದ್ರೆ ಹೆಸರಿನ ಕೆಳಗೆ ಒಂದು ಸಾಲು ಇರ್ತದೆ. ನಿವೃತ್ತ ಶಿಕ್ಷಕರು, ಪ್ರಗತಿಪರ ಕೃಷಿಕರು, ಹೋಟೆಲ್ ಉದ್ಯಮಿ, ಹೀಗೆ. ಹೆಂಗಸಾದ್ರೆ? ದಿವಂಗತ ಇಂಥವರ ಪತ್ನಿ, ಇಂಥವರ ತಾಯಿ. ಆಮೇಲೆ ಇಷ್ಟು ಜನ ಗಂಡುಮಕ್ಕಳು, ಇಷ್ಟು ಜನ ಹೆಣ್ಣುಮಕ್ಕಳು, ಅಪಾರ ಬಂಧು ಬಳಗವನ್ನು ಅಗಲಿದ್ದಾರೆ ಅಂತ. ಅವರು ಯಾರಿಗೆ ಏನಾಗಬೇಕು ಅನ್ನುವುದು ಪೂರ್ತಿ ಗೊತ್ತಾಗ್ತದೆ. ಅವರು ಜೀವಮಾನವಿಡೀ ಏನು ಮಾಡ್ತಿದ್ರು ಅನ್ನುವುದು ಗೊತ್ತಾಗುವುದಿಲ್ಲ.

ನಮ್ಮ ಅಜ್ಜಿಯ ಪೋಸ್ಟರಲ್ಲಿ ಇದ್ದ ಪದ 'ಗೃಹಿಣಿ'. ಮಾವ ಪ್ರೀತಿಯಿಂದಲೇ ಬರೆಸಿದ್ದು, ಅದರಲ್ಲಿ ಸುಳ್ಳೇನೂ ಇಲ್ಲ. ಮನೆಕೆಲಸವನ್ನು ಅವರು ಎಲ್ಲರಿಗಿಂತ ಹೆಚ್ಚೇ ಮಾಡಿದ್ದಾರೆ. ಆದ್ರೆ ನಮ್ಮ ಅಜ್ಜಿ 42 ವರ್ಷ ಬೀಡಿ ಕಟ್ಟಿದವರು. ಅವರ ಹೆಸರಲ್ಲಿ ಪಾಸ್‌ಬುಕ್ ಇತ್ತು, ಪಿಎಫ್ ಇತ್ತು, ಪೆನ್ಶನ್ ಬರ್ತಿತ್ತು. ನಮ್ಮ ಮನೆಯಲ್ಲಿ ಪಿಎಫ್ ನಂಬರ್ ಸಿಕ್ಕಿದ ಮೊದಲ ಮನುಷ್ಯ ಅಜ್ಜಿ. ಹಾಗಾಗಿ ಇವತ್ತು ಅವರನ್ನು ಅವರ ಕೆಲಸದ ಮೂಲಕ ನೆನಪು ಮಾಡಿಕೊಳ್ಳೋಣ ಅಂತ.

ಬಿ.ಕಾಂ. ಓದಿದವರ ಅಭ್ಯಾಸ, ಮೊದಲು ಲೆಕ್ಕ. ದಿನಕ್ಕೆ ಅಜ್ಜಿ ಕಟ್ಟುತ್ತಿದ್ದದ್ದು ಸುಮಾರು 800 ಬೀಡಿ. ಗದ್ದೆ ಕೆಲಸ ಇಲ್ಲದ ದಿನ ಸಾವಿರ, ಮನೆಯಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ 500. ಸರಾಸರಿ 800 ಅಂತಲೇ ಹಿಡಿಯಿರಿ. ತಿಂಗಳಿಗೆ 25 ದಿನ ಅಂದ್ರೆ 20,000. ವರ್ಷಕ್ಕೆ 2,40,000. 42 ವರ್ಷಕ್ಕೆ ಗುಣಿಸಿದ್ರೆ 1,00,80,000. ಒಂದು ಕೋಟಿ ದಾಟ್ತದೆ ಮಾರಾಯ್ರೆ! ಒಂದು ಬೀಡಿ ಆರು ಸೆಂಟಿಮೀಟರ್ ಅಂತ ಇಟ್ಟುಕೊಂಡು ಒಂದರ ತುದಿಗೊಂದು ಜೋಡಿಸಿದ್ರೆ 600 ಕಿಲೋಮೀಟರ್. ಮಂಗಳೂರಿಂದ ಬೆಂಗಳೂರಿಗೆ ಹೋಗಿ, ತಿರುಗಿ ಬರುವಾಗ ಸಕಲೇಶಪುರ ದಾಟುವಷ್ಟು ಉದ್ದ. ಒಬ್ಬರೇ, ಚಾವಡಿಯ ಮೂಲೆಯಲ್ಲಿ ಕಾಲು ಚಾಚಿ ಕೂತುಕೊಂಡು.

ಬೀಡಿ ಕಟ್ಟುವುದನ್ನು ನೋಡದವರಿಗೆ ಸ್ವಲ್ಪ ವಿವರ ಹೇಳ್ತೇನೆ. ಎಲೆಯನ್ನು ಮೊದಲು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಎಲೆ ಒಣಗಿದ್ರೆ ಮಡಚುವಾಗ ಒಡೆಯುತ್ತದೆ. ಮೆದುವಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಒಂದೊಂದೇ ಕತ್ತರಿಸಬೇಕು. ಆಮೇಲೆ ತಡ್ಪೆ, ಅಂದ್ರೆ ಗೆರಸೆ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಎಲೆಯ ಮೇಲೆ ಚಿಟಿಕೆ ಹೊಗೆಸೊಪ್ಪು ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ಹೇಳುವಾಗ ಇಷ್ಟೇ. ಆ ಚಿಟಿಕೆಯ ಅಳತೆ ಬೆರಳಿಗೆ ಗೊತ್ತಿರಬೇಕು. ಹೆಚ್ಚು ಹಾಕಿದ್ರೆ ಕೊಟ್ಟ ಸೊಪ್ಪು ಸಾಲುವುದಿಲ್ಲ, ಕಡಿಮೆ ಹಾಕಿದ್ರೆ ಬೀಡಿ ಮೆತ್ತಗಾಗ್ತದೆ.

ಇದರಲ್ಲಿ ಒಂದು ಸಂಗತಿ ನನಗೆ ಯಾವಾಗಲೂ ಆಶ್ಚರ್ಯ. ಬೀಡಿ ಎಲೆ ನಮ್ಮ ಕರಾವಳಿಯದ್ದಲ್ಲ. ಅದು ಬರುವುದು ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾ ಕಡೆಯ ಕಾಡುಗಳಿಂದ. ಹೊಗೆಸೊಪ್ಪಿಗೆ ನಿಪ್ಪಾಣಿ, ಗುಜರಾತ್ ಹೆಸರಾದ ಜಾಗಗಳು. ಅಷ್ಟು ದೂರದಿಂದ ಮಾಲು ಬಂದು ಬಂಟ್ವಾಳ, ಪುತ್ತೂರು, ಬೆಳ್ತಂಗಡಿಯ ಹಳ್ಳಿಮನೆಗಳ ಒಳಗೆ ಬೀಡಿ ಆಗ್ತಿತ್ತು. ಕಾರಣ ಒಂದೇ, ಇಲ್ಲಿನ ಹೆಂಗಸರ ಕೈ. ಗದ್ದೆಯಲ್ಲಿ ಕೆಲಸ ವರ್ಷವಿಡೀ ಇರುವುದಿಲ್ಲ. ಮಕ್ಕಳನ್ನು ಬಿಟ್ಟು ದೂರ ಹೋಗಲಿಕ್ಕೂ ಆಗುವುದಿಲ್ಲ. ಬೀಡಿಯಾದ್ರೆ ಮನೆಯಲ್ಲೇ ಕೂತು ಕಟ್ಟಬಹುದು, ಅಕ್ಕಿ ಬೇಯುವ ಹೊತ್ತಲ್ಲೂ ಕಟ್ಟಬಹುದು. ಹುಡುಗಿ ನೋಡಲು ಬಂದವರು 'ಬೀಡಿ ಕಟ್ಟಲಿಕ್ಕೆ ಬರ್ತದಾ?' ಅಂತ ಕೇಳುತ್ತಿದ್ದ ಕಾಲ ಅದು.

ಅಜ್ಜಿಗೆ ಮಾತ್ರ ಮದುವೆಗೆ ಮೊದಲು ಬರ್ತಿರಲಿಲ್ಲ. 1966ರಲ್ಲಿ ಮದುವೆಯಾಗಿ ಬಂದ ಮೇಲೆ ನಾದಿನಿಯಿಂದ ಕಲಿತದ್ದು. ಅಜ್ಜ ಆಗ ಬೊಂಬಾಯಿಯ ಹೋಟೆಲಲ್ಲಿ ಕೆಲಸಕ್ಕಿದ್ರು, ಊರಿಗೆ ಬರುವುದು ವರ್ಷಕ್ಕೊಮ್ಮೆ. ನಾನು ಅಜ್ಜಿಯನ್ನು ಮಾತಾಡಿಸಿ ರೆಕಾರ್ಡ್ ಮಾಡಿದ್ದು ಸುಮಾರು 40 ನಿಮಿಷ ಉಂಟು. ಅದರಲ್ಲಿ ಅವರು ಹೇಳ್ತಾರೆ:

(ಅಜ್ಜಿಯ ದನಿ) "ಮೊದಲ ವಾರ ನಾನು ಕಟ್ಟಿದ್ದರಲ್ಲಿ ಅರ್ಧಕ್ಕರ್ಧ ಬ್ರಾಂಚಿನವರು ತೆಗೆದು ಬಿಸಾಡಿದ್ರು. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಮರುವಾರ ಬಿಸಾಡಿದ್ದು ಹತ್ತೋ ಹದಿನೈದೋ. ಆಮೇಲೆ ನನ್ನದನ್ನು ನೋಡುವುದೇ ಬಿಟ್ರು."

ಆ ಕೊನೆಯ ವಾಕ್ಯ ಹೇಳುವಾಗ ಅಜ್ಜಿಯ ದನಿಯಲ್ಲಿರುವ ಗತ್ತು ಕೇಳಿಸಿತಾ? 'ನನ್ನದನ್ನು ನೋಡುವುದೇ ಬಿಟ್ರು.' ಮಕ್ಕಳ ಬಗ್ಗೆ ಮಾತಾಡುವಾಗಲೂ ಅವರು ಅಷ್ಟು ಗತ್ತಿನಿಂದ ಮಾತಾಡಿದವರಲ್ಲ.

ಈಗ ಪಾಸ್‌ಬುಕ್ಕಿನ ಕಥೆಗೆ ಬರೋಣ. ನಮ್ಮ ಮನೆಯಲ್ಲಿ ಎರಡು ಕಾಗದಗಳು ಒಂದೇ ಟ್ರಂಕಿನಲ್ಲಿ ಇದ್ವು. ಮೊದಲನೆಯದ್ದು ಜಾಗದ್ದು. ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಒಕ್ಕಲುಗಳು ಡಿಕ್ಲರೇಷನ್ ಹಾಕಿದ್ರು. ಅಜ್ಜ ಬೊಂಬಾಯಿ ಬಿಟ್ಟು ಬಂದು ಡಿಕ್ಲರೇಷನ್ ಹಾಕಿ, ಮುಕ್ಕಾಲು ಎಕ್ರೆ ಗದ್ದೆ ನಮ್ಮದಾಯಿತು. ಅಷ್ಟು ವರ್ಷ ಆ ಗದ್ದೆಯಲ್ಲಿ ನಾಟಿ ಮಾಡಿದ್ದು, ಕಳೆ ಕಿತ್ತದ್ದು, ಗೇಣಿ ಅಕ್ಕಿ ಹೊತ್ತುಕೊಂಡು ಹೋಗಿ ಕೊಟ್ಟದ್ದು ಅಜ್ಜಿ. ಕಾಗದದಲ್ಲಿ ಹೆಸರು ಅಜ್ಜನದ್ದು. ಎಲ್ಲರ ಮನೆಯಲ್ಲೂ ಹಾಗೆಯೇ ಆದದ್ದು.

ಎರಡನೆಯದ್ದು ಬೀಡಿಯ ಪಾಸ್‌ಬುಕ್. ಅದರಲ್ಲಿ ಇದ್ದದ್ದು ಅಜ್ಜಿಯ ಹೆಸರು. ಆ ಪುಸ್ತಕ ಸುಮ್ಮನೆ ಬಂದದ್ದಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗೆ ಅಂತಲೇ ಕಾನೂನು ಬಂದದ್ದು 1966ರಲ್ಲಿ. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ಕಾರ್ಮಿಕರು ಅಂತಲೇ ಒಪ್ಪಿಕೊಂಡಿತು. ಎಲೆ ಕಡಿಮೆ ಕೊಟ್ಟ ಜಗಳ, ಬೀಡಿ ಬಿಸಾಡಿದ ಜಗಳ, ಇದಕ್ಕೆಲ್ಲ ಅದರಲ್ಲಿ ದಾರಿ ಇತ್ತು. ಬೀಡಿ ಮಾಲೀಕರು ಕೋರ್ಟಿಗೆ ಹೋದ್ರು. 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. 1977ರಲ್ಲಿ ಪಿಎಫ್ ಕಾನೂನು ಬೀಡಿ ಉದ್ಯಮಕ್ಕೂ ಬಂತು. ಆಗ ಮತ್ತೆ ತಕರಾರು: ಮನೆಯಲ್ಲಿ ಕೂತು ಕಟ್ಟುವವರು ನಮ್ಮ ನೌಕರರು ಹೇಗಾಗ್ತಾರೆ, ಅವರಿಗೆ ಪಿಎಫ್ ಯಾಕೆ ಅಂತ. 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅವರೂ ನೌಕರರೇ, ಪಿಎಫ್ ಅವರಿಗೂ ಅನ್ವಯಿಸ್ತದೆ ಅಂತ. ಬ್ರಾಂಚಿಗೆ ತಂದ ಬೀಡಿಯನ್ನು ಪರೀಕ್ಷಿಸಿ ಬೇಡದ್ದನ್ನು ತೆಗೆದುಹಾಕುವ ಅಧಿಕಾರ ಮಾಲೀಕನಿಗೆ ಉಂಟಲ್ಲ, ಅದೇ ಒಂದು ಆಧಾರವಾಯಿತು. ಅಂದ್ರೆ ಅಜ್ಜಿಯನ್ನು ದಾರಿಯುದ್ದಕ್ಕೂ ಅಳಿಸಿದ ಆ ಬಿಸಾಡುವಿಕೆಯೇ ಅವರಂಥವರಿಗೆ ಪಿಎಫ್ ಕೊಡಿಸಲಿಕ್ಕೂ ಸಾಕ್ಷಿಯಾಯಿತು. ನಾನು ಕಾಲೇಜಲ್ಲಿ ಓದಿದ ಯಾವ ಪಾಠವೂ ನನಗೆ ಇಷ್ಟು ಹತ್ತಿರದ್ದು ಅನಿಸಿರಲಿಲ್ಲ.

ಆ ದುಡ್ಡು ಎಲ್ಲಿಗೆ ಹೋಯಿತು? ಅಜ್ಜಿ ಲೆಕ್ಕ ಬರೆದಿಟ್ಟವರಲ್ಲ. ಅವರಿಗೆ ಓದಲಿಕ್ಕೆ ಬರ್ತಿತ್ತು, ಬರೆಯುವುದು ಸಹಿಯಷ್ಟೇ. ಅಮ್ಮ, ದೊಡ್ಡ ಮಾವ, ಚಿಕ್ಕಮ್ಮ, ಚಿಕ್ಕ ಮಾವ ನಾಲ್ಕೂ ಜನರನ್ನು ಕೂರಿಸಿ ಕೇಳಿ ನಾನೇ ಪಟ್ಟಿ ಮಾಡಿದೆ. ಅಮ್ಮನ ಎಸ್ಸೆಸ್ಸೆಲ್ಸಿ ತನಕದ ಓದು. ದೊಡ್ಡ ಮಾವನ ಐಟಿಐ. ಚಿಕ್ಕಮ್ಮನ ಮದುವೆಯ ಕರಿಮಣಿ. ಚಿಕ್ಕ ಮಾವನಿಗೆ ಹೈಸ್ಕೂಲಲ್ಲಿ ಬೀಡಿ ಕಾರ್ಮಿಕರ ಮಕ್ಕಳ ಸ್ಕಾಲರ್‌ಶಿಪ್, ಅದೂ ಬಂದದ್ದು ಅಜ್ಜಿಯ ಕಾರ್ಡಿನ ಮೇಲೆ. ಮುಳಿಹುಲ್ಲು ತೆಗೆದು ಹಂಚು ಹಾಕಿಸಿದ್ದು. ಬಾವಿಗೆ ಕಟ್ಟೆ. ಅಜ್ಜನ ಔಷಧಿ. ಅಂಗಡಿಯ ಸಾಲದ ಚೀಟಿ ಪ್ರತಿ ವಾರ ಹರಿದು ಹಾಕಿದ್ದು. ಕೊನೆಗೆ ನನ್ನ ಬಿ.ಕಾಂ. ಮೊದಲ ವರ್ಷದ ಫೀಸಲ್ಲಿ 5,000 ರೂಪಾಯಿ. ಅದು ಪೆನ್ಶನ್ ದುಡ್ಡು, ಸೀರೆಯ ಮಡಿಕೆಯಿಂದ ತೆಗೆದು ಕೊಟ್ಟದ್ದು.

ಪಟ್ಟಿ ನೋಡಿ ದೊಡ್ಡ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, "ಗದ್ದೆ ನಮಗೆ ಊಟ ಕೊಟ್ಟಿತು ಅಂತ ನಾನು ಎಲ್ಲರಲ್ಲೂ ಹೇಳಿಕೊಂಡು ಬಂದದ್ದು. ಊಟ ಕೊಟ್ಟದ್ದು ಹೌದು. ಪೇಟೆಯ ಸಾಮಾನು ಒಂದೂ ಗದ್ದೆಯಿಂದ ಬಂದದ್ದಲ್ಲ."

ಇದು ಲೆಕ್ಕಕ್ಕೆ ಸಿಕ್ಕಿದ ಕೆಲಸ. ಸಿಗದ ಕೆಲಸ ಬೇರೆ ಉಂಟು. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಅಂತ ದೇಶವಿಡೀ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಕೆಲಸ ಮಾಡುವವರಲ್ಲಿ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಿದ್ರು, ಗಂಡಸರು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ. ಅಜ್ಜಿಯ 800 ಬೀಡಿ ಈ ಐದು ಗಂಟೆಯ ಮೇಲಿನದ್ದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ದನದ ಕೆಲಸ, ಗಂಜಿ, ಮಕ್ಕಳು, ಆಮೇಲೆ ತಡ್ಪೆ. ರಾತ್ರಿ ಚಿಮಿಣಿ ದೀಪದಲ್ಲಿ ಮತ್ತೆ ತಡ್ಪೆ.

ಆ ತಡ್ಪೆಯ ಪಕ್ಕದಲ್ಲಿ ಒಂದು ರೇಡಿಯೋ ಇತ್ತು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅಜ್ಜ ಒಂದು ಸೆಕೆಂಡ್ ಹ್ಯಾಂಡ್ ರೇಡಿಯೋ ತಂದ್ರು. ಅಜ್ಜಿಗೆ ಯಕ್ಷಗಾನ ತಾಳಮದ್ದಳೆ ಅಂದ್ರೆ ಜೀವ. ಅರ್ಥಧಾರಿ ಪಾಯಿಂಟ್ ಹಾಕಿದ ಕೂಡಲೇ ತಡ್ಪೆಗೆ ಒಂದು ತಟ್ಟುತ್ತಿದ್ರು, ಚಪ್ಪಾಳೆ ಹೊಡೆಯಲು ಕೈ ಖಾಲಿ ಇಲ್ಲವಲ್ಲ. ನಾನು ಪಾಡ್‌ಕಾಸ್ಟ್ ಮಾಡ್ತೇನೆ ಅಂದಾಗ ಅವರಿಗೆ ಅರ್ಥ ಮಾಡಿಸಲು ಕಷ್ಟವೇ ಆಗಲಿಲ್ಲ. "ಹ್ಞಾ, ಕೈಯಲ್ಲಿ ಕೆಲಸ ಇರುವವರಿಗೆ ಅಲ್ವಾ ಮಗಾ" ಅಂದ್ರು. ಇದಕ್ಕಿಂತ ಚೆನ್ನಾಗಿ ಪಾಡ್‌ಕಾಸ್ಟ್ ಅಂದ್ರೇನು ಅಂತ ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಸರಿ, ಈಗ ಕಷ್ಟದ ಮಾತು. ನಿಮ್ಮಲ್ಲಿ ಕೆಲವರು ಆಗಲೇ ಯೋಚನೆ ಮಾಡಿರ್ತೀರಿ. ಒಂದು ಕೋಟಿ ಬೀಡಿ ಅಂದ್ರೆ ಒಂದು ಕೋಟಿ ಸಲ ಯಾರೋ ಹೊಗೆ ಎಳೆದಿದ್ದಾರೆ. ಬೀಡಿ ಸಿಗರೇಟಿಗಿಂತ ಸೌಮ್ಯ ಅನ್ನುವುದು ಸುಳ್ಳು. ಟಾರು, ನಿಕೋಟಿನ್ ಅದರಲ್ಲಿ ಕಡಿಮೆಯೇನೂ ಇಲ್ಲ. ಕ್ಯಾನ್ಸರು, ಶ್ವಾಸಕೋಶದ ಕಾಯಿಲೆ ಎರಡೂ ಬರ್ತದೆ. ನಮ್ಮ ಮನೆಗೆ ಹಂಚು ಹಾಕಿದ ದುಡ್ಡು ಬೇರೆ ಯಾವುದೋ ಮನೆಯ ಒಬ್ಬರ ಎದೆಯಿಂದ ಬಂದದ್ದು. ಇದನ್ನು ಬಿಟ್ಟು ಅಜ್ಜಿಯನ್ನು ಹೊಗಳಿದ್ರೆ ಅದು ಅರ್ಧ ಲೆಕ್ಕ.

ಅಜ್ಜಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಗಂಡುಮಕ್ಕಳಿಬ್ಬರಿಗೂ ಅವರದ್ದು ಒಂದೇ ಕಟ್ಟುನಿಟ್ಟು: ಕಟ್ಟುವುದು ನಾನು, ಸೇದುವುದು ನೀವು ಬೇಡ. ದೊಡ್ಡ ಮಾವ ಹದಿನೈದನೇ ವಯಸ್ಸಲ್ಲಿ ತಡ್ಪೆಯಿಂದ ಒಂದು ಕದ್ದು ಸಿಕ್ಕಿಬಿದ್ದು ಪೆಟ್ಟು ತಿಂದದ್ದು ಇವತ್ತಿಗೂ ಮನೆಯಲ್ಲಿ ತಮಾಷೆಯ ಕಥೆ. ಆದ್ರೆ ಅಜ್ಜ ಸೇದುತ್ತಿದ್ರು. ಕೊನೆಯ ನಾಲ್ಕೈದು ವರ್ಷ ಉಸಿರಾಟದ ತೊಂದರೆಯಲ್ಲಿ ನರಳಿ ತೀರಿಕೊಂಡ್ರು. ರೆಕಾರ್ಡಿಂಗಲ್ಲಿ ಇದರ ಬಗ್ಗೆ ಕೇಳಿದಾಗ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆ ಮೌನವನ್ನು ಎಡಿಟ್ ಮಾಡದೆ ಹಾಗೆಯೇ ಬಿಟ್ಟಿದ್ದೇನೆ.

(ಅಜ್ಜಿಯ ದನಿ) "ನಾನು ಕಟ್ಟದಿದ್ರೆ ಅವರು ಬೇರೆ ಯಾರೋ ಕಟ್ಟಿದ್ದನ್ನು ಸೇದುತ್ತಿದ್ರು. ಅದು ನನಗೆ ಗೊತ್ತುಂಟು. ಆದ್ರೂ ರಾತ್ರಿ ಅವರು ಕೆಮ್ಮುವಾಗ ನಾನು ತಡ್ಪೆಯ ಕಡೆ ನೋಡ್ತಿರಲಿಲ್ಲ. ಬೇರೆ ಕೆಲಸ ಯಾರಾದ್ರೂ ಕೊಟ್ಟಿದ್ರೆ ಮಾಡ್ತಿದ್ದೆ. ಕೊಟ್ಟದ್ದು ಇದು."

ಇದಕ್ಕೆ ನಾನು ಸೇರಿಸಲು ಏನೂ ಇಲ್ಲ. ಬೀಡಿ ಕಡಿಮೆಯಾಗಬೇಕು ಅನ್ನುವವರ ಪೈಕಿ ನಾನೂ ಒಬ್ಬ ಮನುಷ್ಯ. ಅದು ಕಡಿಮೆಯಾಗುವಾಗ ಕಟ್ಟುವ ಕೈಗಳಿಗೆ ಬೇರೆ ಏನು ಕೊಡ್ತೀರಿ ಅನ್ನುವ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು ಅನ್ನುವುದನ್ನು ಅಜ್ಜಿಯಿಂದ ಕಲಿತೆ.

ಇನ್ನು ಆ ಕೈಗಳ ವಿಷಯ. 58 ತುಂಬಿದ ಮೇಲೆ ಅಜ್ಜಿಗೆ ಪೆನ್ಶನ್ ಶುರುವಾಯಿತು. ಆಮೇಲೂ ಎರಡು ವರ್ಷ ದೊಡ್ಡ ಅತ್ತೆಯ ಪುಸ್ತಕಕ್ಕೆ ಕಟ್ಟಿಕೊಟ್ರು, ಕಣ್ಣು ಮಂಜಾದ ಮೇಲೆ ಬಿಟ್ರು. ಪೆನ್ಶನ್ ಮೊದಲು ಕೆಲವು ನೂರು ರೂಪಾಯಿ. 2014ರ ಸೆಪ್ಟೆಂಬರಿನಿಂದ ಈ ಯೋಜನೆಯ ಕನಿಷ್ಠ ಪೆನ್ಶನ್ 1,000 ರೂಪಾಯಿ ಆಯಿತು. ಅವರು ಇರುವ ತನಕ ಅಷ್ಟೇ ಬರ್ತಿತ್ತು. ಅದು ಬರ್ತಾ ಇರಬೇಕಾದ್ರೆ ವರ್ಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಅಂತ ಸರ್ಟಿಫಿಕೇಟ್ ಕೊಡಬೇಕು. ಮೊದಲು ಕಾಗದದಲ್ಲಿ, ಆಮೇಲೆ ಬೆರಳಚ್ಚಿನಲ್ಲಿ.

ಅಜ್ಜಿಯ ಬೆರಳಿನ ಗೆರೆಗಳು ಮೆಷಿನ್ನಿಗೆ ಕಾಣಿಸಲಿಲ್ಲ. ಹೆಬ್ಬೆರಳು, ತೋರುಬೆರಳು ನುಣ್ಣಗೆ ಸವೆದಿದ್ವು. ಎಷ್ಟೋ ಬೀಡಿ ಕಾರ್ಮಿಕರ ಬೆರಳು ಹೀಗೆಯೇ. 40 ವರ್ಷ ಎಲೆ ಉಜ್ಜಿ, ನೂಲು ಎಳೆದು ಆದದ್ದು. ಒಂದು ಸೇವಾ ಕೇಂದ್ರದಲ್ಲಿ ಎರಡು ಗಂಟೆ ಹತ್ತೂ ಬೆರಳು ಒತ್ತಿಸಿದ್ರು. ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿಸಿದ್ರು. ಕೆಲಸ ಮಾಡಿದ್ದರ ಗುರುತು ಬೆರಳಲ್ಲಿ ಉಂಟು, ಬೆರಳಿನ ಗುರುತು ಮಾತ್ರ ಹೋಗಿದೆ. ಅಜ್ಜಿಗೆ ಬೇಸರವಾಗಲಿಲ್ಲ, ನಗು ಬಂತು. "ಎಲ್ಲ ಬೀಡಿಗೆ ಸುತ್ತಿ ಕೊಟ್ಟಾಗಿದೆ ಮಗಾ, ಇನ್ನು ಇವರಿಗೆ ಎಲ್ಲಿಂದ ಕೊಡುವುದು" ಅಂದ್ರು. ಕೊನೆಗೆ ಎಡಗೈಯ ಉಂಗುರ ಬೆರಳು ಹೇಗೋ ಹಿಡಿಯಿತು. ಆ ಬೆರಳಿಗೆ ಬೀಡಿ ಕೆಲಸ ಕಡಿಮೆಯಂತೆ.

ನಿಮ್ಮ ಮನೆಯಲ್ಲಿ ಇಂಥ ಪೆನ್ಶನ್ ಪಡೆಯುವ ಅಜ್ಜ, ಅಜ್ಜಿ ಇದ್ರೆ ಒಂದು ಉಪಯೋಗದ ಮಾತು. ಈಗ ಜೀವನ್ ಪ್ರಮಾಣ್ ಸರ್ಟಿಫಿಕೇಟನ್ನು ಮುಖ ನೋಡಿ ಗುರುತಿಸುವ ವ್ಯವಸ್ಥೆಯಲ್ಲಿ ಫೋನಲ್ಲೇ ಮಾಡಬಹುದು. ಮನೆಯ ಬೆಳಕಲ್ಲಿ ಕೂರಿಸಿ, ಆಧಾರ್ ಮತ್ತು ಪೆನ್ಶನ್ ನಂಬರ್ ಇಟ್ಟುಕೊಂಡು ನೀವೇ ಮಾಡಿಕೊಡಿ. ಕೊನೆಯ ವರ್ಷಗಳಲ್ಲಿ ನಾವು ಮಾಡಿದ್ದೂ ಹಾಗೆಯೇ. ಕ್ಯಾಮೆರಾ ಕಣ್ಣು ಮಿಟುಕಿಸಿ ಅಂದಾಗ ಅಜ್ಜಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಬಿಡ್ತಿದ್ರು.

ಈ ಸಂಚಿಕೆಗಾಗಿ ಅಮ್ಮನಲ್ಲಿ ಕೇಳಿದೆ, ನಿನ್ನ ಅಮ್ಮನ ಬಗ್ಗೆ ಒಂದೇ ಮಾತು ಹೇಳಬೇಕಾದ್ರೆ ಏನು ಹೇಳ್ತೀ ಅಂತ. ತ್ಯಾಗಮಯಿ, ಕರುಣಾಮಯಿ ಅಂತ ಏನಾದ್ರೂ ಬರಬಹುದು ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು, "ನಮ್ಮಮ್ಮನ ಬೀಡಿ ಎಲ್ಲ ಒಂದೇ ದಪ್ಪ ಇರ್ತಿತ್ತು." ಅಮ್ಮ ಮದುವೆ ತನಕ ಅಜ್ಜಿಯ ಪಕ್ಕದಲ್ಲೇ ಕೂತು ಬೀಡಿ ಕಟ್ಟಿದವರು. ಕೆಲಸ ಗೊತ್ತಿದ್ದ ಒಬ್ಬರು ಇನ್ನೊಬ್ಬರಿಗೆ ಕೊಡುವ ಮರ್ಯಾದೆ ಅದು.

ಹಾಗಾಗಿ ಈ ವಾರ ನಿಮಗೊಂದು ಕೆಲಸ. ಅಜ್ಜಿ ಇದ್ರೆ ಅಜ್ಜಿಯಲ್ಲಿ, ಇಲ್ಲದಿದ್ರೆ ಅಮ್ಮನಲ್ಲಿ, ಫೋನಿನ ರೆಕಾರ್ಡರ್ ಆನ್ ಮಾಡಿ ಮೂರು ಪ್ರಶ್ನೆ ಕೇಳಿ. ಒಂದು, ನಿಮ್ಮ ಕೈಗೆ ಸಿಕ್ಕಿದ ಮೊದಲ ದುಡ್ಡು ಯಾವ ಕೆಲಸದ್ದು? ಎರಡು, ಅದರಲ್ಲಿ ಏನು ತಗೊಂಡ್ರಿ? ಮೂರು, ಯಾವ ಕೆಲಸದಲ್ಲಿ ನಿಮ್ಮನ್ನು ಮೀರಿಸುವವರು ಇರಲಿಲ್ಲ? ಮೂರನೆಯದ್ದಕ್ಕೆ ಮೊದಲು 'ಎಂತ ಇಲ್ಲಪ್ಪ' ಅಂತ ಹೇಳ್ತಾರೆ. ಸ್ವಲ್ಪ ಕಾಯಿರಿ. ಹೇಳ್ತಾರೆ.

ಅವರು ಕೊಟ್ಟ ಉತ್ತರ ನಮಗೆ ವಾಯ್ಸ್ ನೋಟಲ್ಲಿ ಕಳಿಸಿ. ಅವರ ಒಪ್ಪಿಗೆ ಕೇಳಿಯೇ ಕಳಿಸಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಯಾವ ಭಾಷೆಯಾದ್ರೂ ಆಗಬಹುದು. ಮುಂದಿನ ಸಂಚಿಕೆಯಲ್ಲಿ ಕೇಳೋಣ.

ಊಟ ಮಾಡಿ, ಹುಷಾರಾಗಿರಿ. ಮತ್ತೆ ಸಿಗುವ.